ಕರಿಹಳ್ಳದ ದಾರಿ ಎಣಿಸಿದವಳು

ಗುರಪ್ಪ ಮಾಸ್ತರರು ಸೈಕಲ್ ಸಮೇತ ಕರಿಹಳ್ಳದಲ್ಲಿ ಬಿದ್ದದ್ದು ಆ ವರ್ಷ ಅದು ಮೂರನೆಯ ಸಲ. ಮೊದಲೆರಡು ಸಲ ಧೋತರ ಹರಿದುಕೊಂಡು, ಮೊಣಕಾಲು ತರಚಿಕೊಂಡು ಎದ್ದು ಬಂದಿದ್ದರು. ಈ ಸಲ ಏಳಲಾಗಲಿಲ್ಲ. ಚಕ್ಕಡಿಗಳು ಕೊರೆದಿದ್ದ ಆಳದ ತಗ್ಗಿನಲ್ಲಿ ಮುಂದಿನ ಗಾಲಿ ಸಿಕ್ಕಿಕೊಂಡಿತು. ಅವರು ಬಲಗೈ ಊರಿಕೊಂಡು ಬಿದ್ದರು. ಮಣಿಕಟ್ಟು ಮುರಿಯಿತು.

ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದ ಬೀರವ್ವ ಓಡಿ ಬಂದು ಅವರನ್ನು ಎತ್ತಿ ಕೂರಿಸಿದಳು. ತನ್ನ ಸೀರೆಯ ಸೆರಗಿನಲ್ಲೇ ಕೈಯನ್ನು ಕುತ್ತಿಗೆಗೆ ಕಟ್ಟಿದಳು. ಉಮದಿಯ ಕಡೆಗೆ ಹೊರಟಿದ್ದ ಒಂದು ಚಕ್ಕಡಿ ನಿಲ್ಲಿಸಿ ಹತ್ತಿಸಿದಳು. ಚಕ್ಕಡಿಯೂ ಆ ತಗ್ಗಿನಲ್ಲೇ ಹೋಗಬೇಕು. ಪ್ರತಿ ಕುಲುಕಿಗೂ ಮಾಸ್ತರರು ಹಲ್ಲು ಕಚ್ಚುವುದು ಅವಳಿಗೆ ಕಾಣುತ್ತಿತ್ತು.

ಮರಡಿವಸ್ತಿಯ ಶಾಲೆ ಅಂದಿನಿಂದ ಒಂದೂವರೆ ತಿಂಗಳು ಬಾಗಿಲು ತೆಗೆಯಲಿಲ್ಲ.

ಮರಡಿವಸ್ತಿ ಎಂದರೆ ಉಮದಿಯಿಂದ ನಾಲ್ಕು ಮೈಲಿ ದೂರ, ಕಲ್ಲುನೆಲದ ಮಡ್ಡಿಯ ಮೇಲಿದ್ದ ಅರವತ್ತು ಮನೆಗಳ ಊರು. ಹೆಚ್ಚಿನವರು ಕುರಿಯವರು. ಕುರಿ ಮೇಯಿಸುವುದು, ಉಣ್ಣೆ ನೂಲುವುದು, ಕಂಬಳಿ ನೇಯುವುದು, ಮಳೆಯಾದರೆ ಒಂದಿಷ್ಟು ಸಜ್ಜೆ, ಜೋಳ, ಹುರುಳಿ. ಸಂತೆ, ದವಾಖಾನೆ, ಅಂಚೆ ಎಲ್ಲವೂ ಉಮದಿಯಲ್ಲಿ. ನಡುವೆ ಕರಿಹಳ್ಳ. ಹಳ್ಳದ ಎರಡೂ ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಗಾಲಿಯ ತಗ್ಗು, ಮಳೆಗಾಲದಲ್ಲಿ ಕೆಸರು. ಹಳ್ಳ ತುಂಬಿದರೆ ಎರಡು ಮೂರು ದಿನ ಆಚೆಯವರು ಆಚೆ, ಈಚೆಯವರು ಈಚೆ.

ಬೀರವ್ವನ ಗಂಡ ಅಮೋಗಸಿದ್ದ ಮನೆಯಲ್ಲಿ ಮಗ್ಗದ ಕುಣಿಯಲ್ಲಿ ಕೂತು ಕಂಬಳಿ ನೇಯುತ್ತಿದ್ದ. ಅವಳು ಎಂಬತ್ತು ಕುರಿ ಕಾಯುತ್ತಿದ್ದಳು. ಮಗಳು ಚನ್ನವ್ವ ಮೂರನೆಯ ಇಯತ್ತೆಯಲ್ಲಿದ್ದಳು. ವಸ್ತಿಯಲ್ಲಿ ಓದಲು ಬರೆಯಲು ಕಲಿಯುತ್ತಿದ್ದ ಮೊದಲ ಹುಡುಗಿ ಅವಳೇ. ಶಾಲೆ ಮುಚ್ಚಿದ ಮೇಲೆ ಅವಳು ಪಾಟಿಯನ್ನು ಗೂಟಕ್ಕೆ ನೇತುಹಾಕಿ ತಾಯಿಯ ಹಿಂದೆ ಕುರಿಗೆ ಬರತೊಡಗಿದಳು. ಬೀರವ್ವನಿಗೆ ಅದು ಸರಿಬರಲಿಲ್ಲ. ಬರಬೇಡ ಎನ್ನಲೂ ಕಾರಣವಿರಲಿಲ್ಲ.

ಕೈ ಕೂಡಿಕೊಂಡು ಮಾಸ್ತರರು ತಿರುಗಿ ಬಂದಾಗ 1953ರ ಚಳಿಗಾಲ. ಅವರು ಸೈಕಲ್ ತಳ್ಳಿಕೊಂಡೇ ಬಂದರು. ಬೀರವ್ವ ಹಳ್ಳದ ದಂಡೆಯಲ್ಲಿ ಅವರನ್ನು ನಿಲ್ಲಿಸಿ ಕೇಳಿದಳು.

"ಮಾಸ್ತರ್ರ, ಈ ದಾರಿ ಹಿಂಗ ಇರೂದೇನ್ರಿ?"

"ಒಂದ ಸುದ್ದಿ ಐತಿ, ಬೀರವ್ವ," ಎಂದರು ಮಾಸ್ತರರು. "ಜಿಲ್ಲಾ ಲೋಕಲ್ ಬೋರ್ಡಿನವ್ರು ಈ ಸಲ ಉಮದಿ ಭಾಗದಾಗ ಒಂದ ರಸ್ತಾ ಮಾಡತಾರಂತ. ಅರ್ಧ ಸರಕಾರದ್ದು, ಅರ್ಧ ಊರಾಗಿನ ಮಂದೀದು. ಊರವ್ರು ರೊಕ್ಕರೆ ಕೊಡಬೇಕು, ಇಲ್ಲ ಮೈಮುರದ ಕೆಲಸರೆ ಮಾಡಬೇಕು. ಒಂದ ರಸ್ತಾ ಅಷ್ಟ. ಕೇಳೋರು ಇಬ್ಬರದಾರ. ನಾವು ಮತ್ತ ಸೋಮನಿಂಗಪ್ಪ ಸಾಹುಕಾರ್ರು."

ಸೋಮನಿಂಗಪ್ಪ ಉಮದಿಯ ದೊಡ್ಡ ರೈತ. ಊರಿನ ಇನ್ನೊಂದು ದಿಕ್ಕಿಗೆ ಅವರ ನಿಂಬೆಯ ತೋಟ. ತಾವೇ ನಿಂತು ಬಾವಿ ತೋಡಿಸಿ, ಕಲ್ಲುನೆಲದಲ್ಲಿ ನಿಂಬೆ ಬೆಳೆದವರು. ತೋಟದಿಂದ ಊರಿಗೆ ರಸ್ತೆಯಾದರೆ ಹಣ್ಣು ಕೆಡದೆ ಬಿಜಾಪುರದ ಪೇಟೆ ಮುಟ್ಟುತ್ತಿತ್ತು. ತಮ್ಮ ಅರ್ಧದ ರೊಕ್ಕವನ್ನು ಒಂದೇ ಸಲಕ್ಕೆ ಕಟ್ಟುವುದಾಗಿ ಅವರು ಆಗಲೇ ಬರೆದುಕೊಟ್ಟಿದ್ದರು.

"ರಸ್ತಾ ಅಳಿಯೂ ಓವರಸಿಯರ್ ಸಾಹೇಬ್ರನ ಕೇಳಿದ್ನಿ," ಎಂದರು ಮಾಸ್ತರರು. "ಯಾವ ದಾರಿ ಹಿಡಿದು ಹೆಚ್ಚ ಮಂದಿ ಓಡಾಡತಾರ ಅನ್ನೂದನ್ನ ಬೋರ್ಡಿನವ್ರು ನೋಡತಾರಂತ. ಬರೇ ಭಾಳ ಮಂದಿ ಅಂದ್ರ ನಡ್ಯಾಂಗಿಲ್ಲ, ಎಣಿಸಿದ ಲೆಕ್ಕ ಬೇಕು ಅಂದ್ರು. ನಾನು ಸಾಲಿ ಬಿಟ್ಟ ಹಳ್ಳದಾಗ ಕುಂತು ಎಣಿಸಾಕ ಆಗತೈತೇನು? ವಸ್ತಿಯವ್ರೆಲ್ಲಾ ಹೊಲಕ್ಕ ಹೋಗತಾರ."

ಬೀರವ್ವ ಹಳ್ಳದ ಕಡೆ ನೋಡಿದಳು. "ನಾ ಇಡೀ ದಿನ ಇಲ್ಲೇ ಇರತೀನಲ್ರಿ," ಎಂದಳು.

"ನಿನಗ ಅಂಕಿ ಬರೂದಿಲ್ಲಲ್ಲ."

"ಅಂಕಿ ಬರೂದಿಲ್ಲ. ಎಣಿಸಾಕ ಬರತೈತಿ. ಎಂಬತ್ತ ಕುರಿಯೊಳಗ ಒಂದ ಹಿಂದ ಉಳದ್ರ ನನಗ ಗೊತ್ತಾಗತೈತಿ."

ಮರುದಿನ ಬೆಳಿಗ್ಗೆ ಅವಳು ಮೂರು ಗಡಿಗೆ ಹೊತ್ತುಕೊಂಡು ಬಂದು ಹಳ್ಳದ ದಂಡೆಯ ಬೇವಿನ ಮರದ ಬುಡದಲ್ಲಿ ಸಾಲಾಗಿ ಇಟ್ಟಳು. ಚಕ್ಕಡಿ ಹೋದರೆ ಒಂದು ಹರಳು. ನಡೆದು ಹೋಗುವವರಿಗೆ ಒಂದೊಂದು ಜಾಲಿಬೀಜ. ಸೈಕಲ್ಲಿಗೆ ಏನು ಹಾಕುವುದೆಂದು ಯೋಚಿಸಿದಳು. ಸುತ್ತಲೂ ಬೇಕಾದಷ್ಟು ಬಿದ್ದದ್ದು ಒಣಗಿದ ಕುರಿಹಿಕ್ಕೆ. ಸೈಕಲ್ಲಿಗೆ ಹಿಕ್ಕೆಯೇ ಆಯಿತು.

ಒಂದು ಸಂತೆಯಿಂದ ಮುಂದಿನ ಸಂತೆಯ ಹಿಂದಿನ ದಿನದವರೆಗೆ, ಏಳು ದಿನ, ಹೊತ್ತು ಮೂಡುವುದರಿಂದ ಹೊತ್ತು ಮುಳುಗುವವರೆಗೆ ಅವಳು ಎಣಿಸಿದಳು. ಕುರಿಗಳು ದೂರ ಹೋದರೆ ಚನ್ನವ್ವ ಶಾಲೆ ಬಿಟ್ಟ ಮೇಲೆ ಬಂದು ತಿರುಗಿಸುತ್ತಿದ್ದಳು. ಸಂಜೆ ಮಾಸ್ತರರು ಉಮದಿಗೆ ಹಿಂತಿರುಗುವಾಗ ಗಡಿಗೆಗಳನ್ನು ಸುರುವಿ ಎಣಿಸಿ ಬರೆದುಕೊಳ್ಳುತ್ತಿದ್ದರು. ಜಿಲ್ಲೆಯ ಗಡಿಯಾಚೆಯ ಹಳ್ಳಿಗಳಿಂದ ಉಮದಿಗೆ ಹೋಗುವವರಿಗೆ ಇದೇ ಹತ್ತಿರದ ದಾರಿ ಎಂದು ಅವರಿಗೆ ಗೊತ್ತಿತ್ತು. ಆದರೆ ಇಷ್ಟು ಜನ ಎಂದು ಗೊತ್ತಿರಲಿಲ್ಲ. ಕುಪ್ಪಸದ ಖಣ ಮಾರುವವರು, ಎಲೆ ಮಾರುವವರು, ಕ್ಷೌರದ ಪೆಟ್ಟಿಗೆ ಕಟ್ಟಿಕೊಂಡವರು, ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೋಗುವವರು. ಏಳು ದಿನದಲ್ಲಿ ಸೈಕಲ್ಲುಗಳೇ ತೊಂಬತ್ತಾರು. ಸಂತೆಯ ಒಂದೇ ದಿನ ನಲವತ್ತೊಂದು.

ಮಾಸ್ತರರು ಸರಕಾರಿ ಭಾಷೆಯಾದ ಮರಾಠಿಯಲ್ಲಿ ಅರ್ಜಿ ಬರೆದು ಜತ್ತದ ತಾಲೂಕು ಕಚೇರಿಗೆ ಕಳಿಸಿದರು. ಹದಿನೈದು ದಿನಕ್ಕೆ ಓವರಸಿಯರ್ ತುಕಾರಾಮ ಸಾಹೇಬರೇ ಬಂದಿಳಿದರು. ನಲವತ್ತು ದಾಟಿದ ವಯಸ್ಸು, ಖಾಕಿ ಟೋಪಿ, ಕಂಕುಳಲ್ಲಿ ನಕ್ಷೆಯ ಸುರುಳಿ. ಅವರ ಮಾತು ಮರಾಠಿ. ಬೀರವ್ವನಿಗೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತಿತ್ತು.

"ಈ ಲೆಕ್ಕ ಬರೆದವರು ಯಾರು?" ಎಂದು ಅವರು ಕೇಳಿದರು.

"ಬರೆದವರು ಮಾಸ್ತರು. ಎಣಿಸಿದವಳು ನಾನು," ಎಂದಳು ಬೀರವ್ವ. ಗಡಿಗೆಗಳನ್ನು ತೋರಿಸಿದಳು. ಮೂರನೆಯ ಗಡಿಗೆಯೊಳಗೆ ಇಣುಕಿ ನೋಡಿದ ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಆದರೂ ಅವರು ಕೆಲಸದ ಮನುಷ್ಯ. "ತಾಯಿ, ನಕ್ಕೆ ಎಂದು ಬೇಜಾರು ಬೇಡ. ನಾನೂ ಒಂದು ಹೊತ್ತು ಕೂತು ಎಣಿಸುತ್ತೇನೆ. ಎರಡೂ ಲೆಕ್ಕ ಕೂಡಿದರೆ ನಂಬುತ್ತೇನೆ," ಎಂದರು.

ಅದು ಸಂತೆಯ ದಿನ. ಬೇವಿನ ನೆರಳಲ್ಲಿ ಅವರು ಪುಸ್ತಕ ಬಿಚ್ಚಿ ಕೂತರು. ಅವಳು ನಾಲ್ಕು ಮಾರು ಆಚೆ ಕೋಲೂರಿ ನಿಂತಳು. ಮಧ್ಯಾಹ್ನಕ್ಕೆ ಲೆಕ್ಕ ನೋಡಿದರೆ ಚಕ್ಕಡಿ ಕೂಡಿದವು, ನಡೆದವರು ಕೂಡಿದರು. ಸೈಕಲ್ಲು ಮಾತ್ರ ಅವರ ಪುಸ್ತಕದಲ್ಲಿ ಹತ್ತೊಂಬತ್ತು, ಅವಳ ಗಡಿಗೆಯಲ್ಲಿ ಇಪ್ಪತ್ತೊಂದು.

"ಎರಡು ಹೆಚ್ಚಾದವಲ್ಲ, ತಾಯಿ?"

"ನೀವು ಹಳ್ಳದ ಬಂಡೆಗಲ್ಲು ನೋಡಲು ಕೆಳಗೆ ಇಳಿದಿದ್ದಿರಿ, ಸಾಹೇಬರೇ. ಆಗ ಉಮದಿಯಲ್ಲಿ ಕ್ಷೌರ ಮಾಡುವ ಹಡಪದವರು ಹೋದರು, ಅವರ ಹಿಂದೆ ಕೆಂಪು ರುಮಾಲಿನವರೊಬ್ಬರು ಹೋದರು. ಹಡಪದವರ ಅಂಗಡಿ ಚಾವಡಿಯ ಎದುರಿಗಿದೆ. ಕೇಳಿ ನೋಡಿ."

ಸಾಹೇಬರು ಪುಸ್ತಕ ಮುಚ್ಚಿದರು. ಆಮೇಲೆ ಅವರು ಬೇರೆಯದನ್ನೇ ಕೇಳತೊಡಗಿದರು. ನೀರು ಎಷ್ಟು ಎತ್ತರ ಬರುತ್ತದೆ, ಎಲ್ಲಿ ಮೊದಲು ಇಳಿಯುತ್ತದೆ, ಯಾವ ದಂಡೆ ಕುಸಿಯುತ್ತದೆ. ಮೂವತ್ತು ವರ್ಷ ಆ ಹಳ್ಳದಲ್ಲಿ ಕುರಿಗೆ ನೀರು ಕುಡಿಸಿದವಳು ಅವಳು. ಈಗಿನ ದಾಟುದಾರಿಗಿಂತ ಇನ್ನೂರು ಹೆಜ್ಜೆ ಮೇಲಕ್ಕೆ ಕರೆದುಕೊಂಡು ಹೋಗಿ, ನೆಲದ ಮಟ್ಟದಲ್ಲಿ ಬಂಡೆ ಹಾಸಿದ ಜಾಗ ತೋರಿಸಿದಳು. ಅಲ್ಲಿ ಹಳ್ಳ ಅಗಲವಾಗಿ ಹರಿಯುವುದರಿಂದ ನೀರು ಮೊಣಕಾಲಿಗಿಂತ ಮೇಲೇಳುತ್ತಿರಲಿಲ್ಲ.

"ಇಲ್ಲಿ ನೆಲಮಟ್ಟದಲ್ಲಿ ಕಲ್ಲು ಸಿಮೆಂಟಿನ ಫರಸಿ ಹಾಕಿದರೆ ಸಾಕು, ನೀರು ಮೇಲಿಂದ ಹರಿದು ಹೋಗುತ್ತದೆ. ಸೇತುವೆಯೇ ಬೇಡ," ಎಂದು ಸಾಹೇಬರು ತಮಗೇ ಹೇಳಿಕೊಂಡರು.

"ಇನ್ನೊಂದು ಮಾತು," ಎಂದಳು ಬೀರವ್ವ. "ಇವತ್ತು ಇಪ್ಪತ್ತೊಂದು ಸೈಕಲ್ಲು ನೋಡಿದಿರಿ. ಅದರಲ್ಲಿ ಹತ್ತಿಕೊಂಡು ಹೋದವರು ಎಷ್ಟು ಮಂದಿ?"

ಸಾಹೇಬರು ನೆನಪಿಸಿಕೊಂಡರು. ಒಬ್ಬರೂ ಇರಲಿಲ್ಲ. ಹೆಚ್ಚಿನವರು ತಳ್ಳಿಕೊಂಡು ಹೋಗಿದ್ದರು. ಕೆಲವರು ಹೆಗಲ ಮೇಲೆ ಹೊತ್ತಿದ್ದರು.

"ನೀವು ಹೊಸ ರಸ್ತೆ ಮಾಡಿದರೂ ಚಕ್ಕಡಿ ಗಾಲಿಯ ಕಬ್ಬಿಣದ ಹಳಿ ಒಂದೇ ವರ್ಷದಲ್ಲಿ ಅದನ್ನು ಕೊರೆಯುತ್ತದೆ. ಆಗ ಮಾಸ್ತರರು ಮತ್ತೆ ಬೀಳುತ್ತಾರೆ. ಸೈಕಲ್ಲಿಗೆ ಬೇಕಾದದ್ದು ನಾಲ್ಕು ಅಡಿ ಜಾಗ. ಬದಿಗೆ ಒಂದು ಪಟ್ಟಿ ಬೇರೆ ಮಾಡಿ, ನಡುವೆ ಕಲ್ಲು ನೆಟ್ಟರೆ ಚಕ್ಕಡಿ ಅದರ ಮೇಲೆ ಬರುವುದಿಲ್ಲ. ಬುಟ್ಟಿ ಹೊತ್ತ ಹೆಂಗಸರೂ ಅದರಲ್ಲೇ ನಡೆಯುತ್ತಾರೆ."

ಸಾಹೇಬರು ತಮ್ಮ ನೌಕರಿಯಲ್ಲಿ ಎಷ್ಟೋ ರಸ್ತೆ ಅಳೆದಿದ್ದರು. ಹೀಗೊಂದು ಪಟ್ಟಿಯ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಕೂತು ನಕ್ಷೆ ಬಿಚ್ಚಿ, ರಸ್ತೆಯ ಗೆರೆಯ ಪಕ್ಕಕ್ಕೆ ಪೆನ್ಸಿಲಿನಲ್ಲಿ ಇನ್ನೊಂದು ಸಣ್ಣ ಗೆರೆ ಎಳೆದರು.

ಫೆಬ್ರುವರಿಯಲ್ಲಿ ಉಮದಿಯ ಚಾವಡಿಯಲ್ಲಿ ಸಭೆ ಕೂಡಿತು. ಬೋರ್ಡಿನ ಅಧ್ಯಕ್ಷರು ಜೀಪಿನಲ್ಲಿ ಬಂದರು. ಕಪ್ಪು ಟೋಪಿಯ, ಕಡಿಮೆ ಮಾತಿನ ಮುದುಕರು. ಸೋಮನಿಂಗಪ್ಪ ಮುಂದಿನ ಸಾಲಿನಲ್ಲಿ ಬಿಳಿ ರುಮಾಲು ಸುತ್ತಿ ಕೂತಿದ್ದರು. ವಸ್ತಿಯವರು ಹಿಂದೆ ಕೂತರು. ಬೀರವ್ವನಿಗೆ ಬಾಗಿಲ ಪಕ್ಕ ಜಾಗ ಸಿಕ್ಕಿತು.

ಸೋಮನಿಂಗಪ್ಪ ತಮ್ಮ ಮಾತು ಮೊದಲು ಹೇಳಿದರು. "ನಮ್ಮ ಪಾಲಿನ ರೊಕ್ಕ ತಯಾರೈತ್ರಿ. ಇವತ್ತ ಹೇಳ್ರಿ, ನಾಳಿ ಕಟ್ಟತೀನಿ. ವಸ್ತಿಯವ್ರ ಹಂತೇಲಿ ಬುಟ್ಟಿ ಸಲಕಿ ಬಿಟ್ರ ಏನೈತಿ?"

"ಸರಕಾರದ ನಿಯಮದಲ್ಲಿ ಮೈಮುರಿದು ಮಾಡಿದ ಕೆಲಸಕ್ಕೂ ರೊಕ್ಕದಷ್ಟೇ ಬೆಲೆ," ಎಂದರು ಅಧ್ಯಕ್ಷರು ಮರಾಠಿಯಲ್ಲಿ. "ನಾನು ನೋಡಬೇಕಾದದ್ದು ರಸ್ತೆ ಎಷ್ಟು ಮಂದಿಗೆ ಬೇಕು ಅನ್ನುವುದನ್ನು."

ಮಾಸ್ತರರು ಎದ್ದು ಏಳು ದಿನದ ಲೆಕ್ಕ ಓದಿದರು. ಸೋಮನಿಂಗಪ್ಪ ತಿರುಗಿ ಬಾಗಿಲ ಕಡೆ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ನಿಜವಾಗಿಯೂ ನಂಬಿಕೆಯಾಗಿರಲಿಲ್ಲ.

"ಕುರಿ ಕಾಯುವಾಕಿ ಎಣಿಸಿದ್ದನ್ನ ಬೋರ್ಡಿನವ್ರು ಹಿಡೀಬೇಕೇನ್ರಿ? ಗಡಿಗಿಯೊಳಗ ನಾಕ ಹಿಕ್ಕಿ ಹೆಚ್ಚ ಬಿದ್ರ ಯಾರ ನೋಡಿದ್ರು?" ಎಂದರು. ನಾಲ್ಕಾರು ಮಂದಿ ನಕ್ಕರು. ಅವರು ಬೀರವ್ವನನ್ನೇ ಕೇಳಿದರು. "ಅಷ್ಟ ಎಣಿಸಾಕ ಬರತಿದ್ರ ಹೇಳವಾ, ಮುಂಜಾನಿಂದ ಈ ಚಾವಡಿಯೊಳಗ ಎಷ್ಟ ಮಂದಿ ಬಂದಾರ?"

ಬೀರವ್ವ ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡಳು.

"ನನ್ನೂ ಹಿಡಿದು ಅರವತ್ಮೂರು ಮಂದಿ ಬಂದಾರ್ರಿ. ನಾಕ ಮಂದಿ ಎದ್ದ ಹೋದ್ರು. ಈಗ ಒಳಗಿದ್ದವ್ರು ಐವತ್ತೊಂಬತ್ತು."

ಅಧ್ಯಕ್ಷರು ಬಾಗಿಲಲ್ಲಿದ್ದ ಪಟ್ಟೇವಾಲ ಜವಾನನಿಗೆ ಸನ್ನೆ ಮಾಡಿದರು. ಅವನು ಎಲ್ಲರ ತಲೆಯ ಮೇಲೂ ಬೆರಳು ಆಡಿಸುತ್ತ ಸಾಲು ಸಾಲಾಗಿ ಎಣಿಸಿದ. ಎರಡು ಸಲ ಎಣಿಸಿದ. "ಐವತ್ತೆಂಟು," ಎಂದ.

ಈ ಸಲ ಇನ್ನೂ ಹೆಚ್ಚು ಮಂದಿ ನಕ್ಕರು. ಮಾಸ್ತರರ ಮುಖ ಬಾಡಿತು. ಬೀರವ್ವ ನಿಂತಲ್ಲಿಂದ ಅಲುಗಲಿಲ್ಲ.

"ಆ ಕಡೀ ಕಂಬದ ಹಿಂದ ನೋಡ್ರಿ," ಎಂದಳು. "ಒಬ್ಬರು ಮುದುಕರು ಬಂದವ್ರನ ಅಲ್ಲೆ ಮಲಗಿದ್ರು. ಎದ್ದ ಹೋಗಿಲ್ಲ."

ಪಟ್ಟೇವಾಲ ಹೋಗಿ ನೋಡಿದ. ಕಂಬದ ಹಿಂದೆ, ಗೋಡೆಯ ಮೂಲೆಯಲ್ಲಿ ಕಂಬಳಿ ಹೊದ್ದು ಒಬ್ಬ ಮುದುಕ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದಾಗ ಎದ್ದು ಕೂತು, "ಸಭಾ ಮುಗೀತೇನು?" ಎಂದು ಕೇಳಿದ.

ಚಾವಡಿಯಲ್ಲಿ ನಗು ಬೇರೆ ಥರದ್ದಾಯಿತು. ಅಧ್ಯಕ್ಷರೂ ನಕ್ಕರು. ತುಕಾರಾಮ ಸಾಹೇಬರು ಎದ್ದು, ತಾವೇ ಹಳ್ಳದಲ್ಲಿ ಕೂತು ಲೆಕ್ಕ ತಾಳೆ ನೋಡಿದ್ದನ್ನೂ, ತಮ್ಮ ಲೆಕ್ಕದಲ್ಲಿ ಎರಡು ತಪ್ಪಿದ್ದನ್ನೂ, ಹಡಪದವರನ್ನು ಕೇಳಿ ಖಾತ್ರಿ ಮಾಡಿಕೊಂಡದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ನಕ್ಷೆ ಹರಡಿ ಫರಸಿಯ ಜಾಗ ತೋರಿಸಿದರು. ಪಕ್ಕದ ಸಣ್ಣ ಗೆರೆ ಏನು ಎಂದು ಅಧ್ಯಕ್ಷರು ಕೇಳಿದಾಗ, ಸೈಕಲ್ ಪಟ್ಟಿ ಎಂದರು.

ಅರ್ಧ ತಾಸಿನಲ್ಲಿ ತೀರ್ಮಾನವಾಯಿತು. ರಸ್ತೆ ಮರಡಿವಸ್ತಿಗೆ. ಸಿಮೆಂಟು, ಗವಂಡಿಗಳು, ಕಲ್ಲಿನ ರೋಲರು ಸರಕಾರದ್ದು. ಮಣ್ಣಿನ ಕೆಲಸವೆಲ್ಲ ವಸ್ತಿಯವರದು, ಮಳೆಗಾಲದ ಒಳಗೆ ಮುಗಿಯಬೇಕು. ಒಂದೇ ತೊಡಕು. ಸೈಕಲ್ ಪಟ್ಟಿಗಾಗಿ ಹಳ್ಳದ ಆಚೆ, ಉಮದಿಯ ಕಡೆಗೆ, ಒಂದು ಹೊಲದ ಬದು ಬೇಕಾಗುತ್ತಿತ್ತು, ಮುನ್ನೂರು ಹೆಜ್ಜೆ ಉದ್ದ. ನೆಲ ಕೊಳ್ಳಲು ಬೋರ್ಡಿನಲ್ಲಿ ದುಡ್ಡಿರಲಿಲ್ಲ. ಹೊಲದವರು ಒಪ್ಪಿ ಬಿಟ್ಟುಕೊಡಬೇಕು. ಆ ಹೊಲ ಸೋಮನಿಂಗಪ್ಪನವರದು.

ಸೋಮನಿಂಗಪ್ಪ ನಕ್ಷೆಯ ಮೇಲಿನ ತಮ್ಮ ಹೊಲದ ಗೆರೆ ನೋಡಿದರು. ರುಮಾಲು ಸರಿಪಡಿಸಿಕೊಂಡು ಎದ್ದು ಹೋದರು.

ವಸ್ತಿಗೆ ಬಂದ ಮೇಲೆ ಬೀರವ್ವ ಕುರಿಯವರ ಹಿರಿಯ ಶಿದ್ರಾಯನ ಮನೆಗೆ ಹೋದಳು. ಅವನ ಮಾತು ಎಲ್ಲ ಕುರಿಯವರೂ ಕೇಳುತ್ತಿದ್ದರು.

"ಕಾಕಾ, ನಮ್ಮೆಲ್ಲಾರ ಕುರಿ ಕೂಡಿಸಿದ್ರ ಎಂಟನೂರ ಆಗತಾವ. ಸುಗ್ಗಿ ಮುಗದೈತಿ. ಸಾಹುಕಾರ್ರ ಹೊಲದಾಗ ಹದಿನೈದ ದಿವಸ ಹಟ್ಟಿ ಹಾಕೂಣು. ಕಾಳ ಕೇಳೂದ ಬ್ಯಾಡ."

ಕುರಿ ಹಟ್ಟಿ ಹಾಕಿದ ಹೊಲಕ್ಕೆ ಎರಡು ವರ್ಷ ಬೇರೆ ಗೊಬ್ಬರ ಬೇಡ. ಅದಕ್ಕೆ ರೈತರು ಕಾಳು ಅಳೆದು ಕೊಡುವುದು ರೂಢಿ. ಶಿದ್ರಾಯ ಬೀಡಿ ಆರಿಸಿ ಅವಳ ಮುಖ ನೋಡಿದ.

"ಕಾಳ ಕೊಡೋ ಹೊಲಾ ಬಿಟ್ಟು ಪುಕ್ಕಟ ಯಾಕ ಹಾಕಬೇಕವಾ?"

"ಹ್ವಾದ ಮಳಿಗಾಲದಾಗ ನಿನ್ನ ಕಂಬಳಿ ಎಷ್ಟ ಸಂತಿ ತಪ್ಪಿದ್ವು?"

ಶಿದ್ರಾಯ ಬೆರಳು ಮಡಿಸಿ ಎಣಿಸಿದ. ಆರು ಸಂತೆ ತಪ್ಪಿದ್ದವು. ಮನೆ ಬಾಗಿಲಿಗೆ ಬಂದ ದಲಾಲಿಗೆ ಅರ್ಧ ಬೆಲೆಗೆ ಕೊಟ್ಟಿದ್ದ. ವಸ್ತಿಯಲ್ಲಿ ಎಲ್ಲರ ಕಥೆಯೂ ಅದೇ.

"ಹದಿನೈದ ದಿವಸದ ಕಾಳ ಹೋಗತೈತಿ, ಕಾಕಾ. ದಾರಿ ಉಳಿತೈತಿ," ಎಂದಳು ಬೀರವ್ವ.

"ಹೋಗಿ ಕೇಳು," ಎಂದ ಶಿದ್ರಾಯ. "ನಾ ಎಲ್ಲಾರಿಗೂ ಹೇಳತೀನಿ."

ಮರುದಿನ ಮುಂಜಾನೆ ಅವಳು ನಿಂಬೆಯ ತೋಟಕ್ಕೆ ಹೋದಳು. ಸೋಮನಿಂಗಪ್ಪ ಬಾವಿಯ ಹತ್ತಿರ ನಿಂತು ನೀರು ಹಾಯಿಸುತ್ತಿದ್ದರು. ಕಾಲು ಮಣ್ಣಾಗಿತ್ತು. ಅವಳನ್ನು ಕಂಡು ಸಲಕಿ ಊರಿ ನಿಂತರು.

"ನನ್ನ ರಸ್ತಾ ಕಸಗೊಂಡಿ. ಈಗ ನೆಲಾ ಕೇಳಾಕ ಬಂದಿಯೇನು?"

"ಕಸಗೊಂಡಿಲ್ರಿ ಸಾಹುಕಾರ್ರ. ಎಣಿಸಿದ್ನಿ ಅಷ್ಟ."

ಅವರ ತುಟಿಯ ತುದಿ ಸ್ವಲ್ಪ ಅಲುಗಿತು. ಅವಳು ಹಟ್ಟಿಯ ಮಾತು ಹೇಳಿದಳು. ಎಂಟುನೂರು ಕುರಿ, ಹದಿನೈದು ದಿನ, ಕಾಳು ಬೇಡ. ಸೋಮನಿಂಗಪ್ಪ ಅನುಭವದ ರೈತ. ಎಂಟುನೂರು ಕುರಿಯ ಗೊಬ್ಬರ ಎಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇಪ್ಪತ್ತ ದಿವಸ," ಎಂದರು.

"ಹದಿನೆಂಟು."

ಅವರು ಬಗ್ಗಿ ಸಲಕಿಯಿಂದ ನೀರಿನ ಹರಿಯನ್ನು ಮುಂದಿನ ಗಿಡಕ್ಕೆ ತಿರುಗಿಸಿದರು. ನೀರು ಪಾತಿ ತುಂಬಿತು. ಆಮೇಲೆ, "ಆ ಹೊಲದಾಗ ನಂದೊಂದ ಬಾವಿ ಐತಿ. ಕೆಲಸದ ಮಂದಿಗಿ ಕುಡ್ಯಾಕ ನೀರ ಅಲ್ಲಿಂದ ಸೇದ್ರಿ. ನಮ್ಮ ಆಳಿಗಿ ಹೇಳಿರತೀನಿ," ಎಂದರು. ಸಲಕಿ ಹೆಗಲಿಗೆ ಹಾಕಿಕೊಂಡು, "ಮುಂದಿನ ಸಲ ನನ್ನ ತೋಟದ ದಾರಿ ಕೇಳತೀನಿ. ಆವಾಗ ಸುಳ್ಳ ಎಣಿಸಬ್ಯಾಡ," ಎಂದರು.

"ಇದ್ದಷ್ಟ ಎಣಿಸತೀನ್ರಿ," ಎಂದಳು ಬೀರವ್ವ.

ಯುಗಾದಿಯ ಮರುದಿನ ಕೆಲಸ ಹೂಡಿದರು. ತುಕಾರಾಮ ಸಾಹೇಬರು ನಾಲ್ಕು ಮೈಲಿಯ ಉದ್ದಕ್ಕೂ ಸುಣ್ಣದ ಗೆರೆ ಹಾಕಿಸಿ ಮನೆಗೆ ಇಷ್ಟು ಮಾರು ಎಂದು ಹಂಚಿದರು. ಮಡ್ಡಿಯ ಮುರುಮವನ್ನು, ಆ ಕೆಂಪು ಗರಸುಮಣ್ಣನ್ನು, ಗಂಡಸರು ಹಾರಿ ಗುದ್ದಲಿಯಿಂದ ಕೆದರಿ ಕೊಟ್ಟರೆ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಸುರುವಿದರು. ಮಗ್ಗದ ಕುಣಿಯಿಂದ ಅಪರೂಪಕ್ಕೆ ಏಳುತ್ತಿದ್ದ ಅಮೋಗಸಿದ್ದನೂ ಬಂದ. ಮೊದಲ ದಿನವೇ ಅವನ ಅಂಗೈ ಬೊಬ್ಬೆಯೆದ್ದಿತು. ಮರುದಿನ ಅಂಗೈಗೆ ಉಣ್ಣೆ ಸುತ್ತಿಕೊಂಡು ಬಂದ. ಬೆಳಗಿನ ಜಾವಕ್ಕೆ ಹಿಡಿದ ಕೆಲಸ ಬಿಸಿಲೇರುವವರೆಗೆ. ಮತ್ತೆ ಇಳಿಹೊತ್ತಿನಲ್ಲಿ ಎರಡು ತಾಸು. ಮಾಸ್ತರರು ಶಾಲೆ ಬಿಟ್ಟ ಮೇಲೆ ಎಡಗೈಯಿಂದಲೇ ಕಲ್ಲು ಎತ್ತಿ ಕೊಡುತ್ತಿದ್ದರು.

ಸೈಕಲ್ ಪಟ್ಟಿಯ ಕೆಲಸವನ್ನು ಹೆಂಗಸರೇ ಕೇಳಿ ಪಡೆದರು. ಮುರುಮ ಹರಡಿ, ನೀರು ಚಿಮುಕಿಸಿ, ಮರದ ದಮ್ಮಸಿನಿಂದ ಬಡಿದು ಬಡಿದು ನೆಲ ಗಟ್ಟಿ ಮಾಡುವ ಕೆಲಸ ಅದು. ಬೀರವ್ವ ಮುಂದೆ ನಿಂತು ಹಾಡು ಹೇಳಿದರೆ ಉಳಿದವರು ಹಾಡಿಗೆ ಸರಿಯಾಗಿ ದಮ್ಮಸು ಎತ್ತಿ ಹಾಕುತ್ತಿದ್ದರು. ನೀರು ನಿಲ್ಲದಂತೆ ಪಟ್ಟಿಯನ್ನು ಹೊರಗಡೆಗೆ ತುಸು ಇಳಿಜಾರು ಮಾಡಿದರು. ರಸ್ತೆಗೂ ಪಟ್ಟಿಗೂ ನಡುವೆ ಮೊಳಕ್ಕೊಂದು ಕಲ್ಲು ನೆಟ್ಟರು. ಸೋಮನಿಂಗಪ್ಪನವರ ಬದುವಿಗೆ ಬಂದಾಗ ಅವರ ಆಳೇ ಬಂದು ಬದುವಿನ ಜಾಲಿಗಿಡಗಳನ್ನು ಕಡಿದು ದಾರಿ ಬಿಡಿಸಿಕೊಟ್ಟ. ಹೊಲದ ನಡುವೆ ಆ ಹೊತ್ತಿಗೆ ಎಂಟುನೂರು ಕುರಿ ಹಟ್ಟಿ ಬಿದ್ದಿದ್ದವು.

ಮೇ ತಿಂಗಳ ನಡುವೆ ಗವಂಡಿಗಳು ಹಳ್ಳದಲ್ಲಿ ಫರಸಿ ಕಟ್ಟಿ ಮುಗಿಸಿದರು. ಸಿಮೆಂಟು ಗಟ್ಟಿಯಾಗಲೆಂದು ಸೋಮನಿಂಗಪ್ಪನವರ ಬಾವಿಯಿಂದ ಕೊಡಪಾನದಲ್ಲಿ ನೀರು ತಂದು ದಿನಕ್ಕೆ ಮೂರು ಸಲ ಹೊಯ್ದರು. ಹದಿಮೂರನೆಯ ದಿನ, ರೋಹಿಣಿಯ ಮಳೆ ಬೆಳಗಿನ ಹೊತ್ತೇ ಸುರಿಯಿತು. ಅಷ್ಟು ಬೇಗ ಅಂಥ ಮಳೆಯನ್ನು ಯಾರೂ ಎಣಿಸಿರಲಿಲ್ಲ. ಮಳೆ ಹೊಳವಾಗುವುದರೊಳಗೆ ಕರಿಹಳ್ಳ ಕೆಂಪಾಗಿ ತುಂಬಿ ಬಂದಿತು.

ವಸ್ತಿಗೆ ವಸ್ತಿಯೇ ದಂಡೆಯ ಮೇಲೆ ಬಂದು ನಿಂತಿತು. ಫರಸಿ ಕಾಣಿಸುತ್ತಿರಲಿಲ್ಲ. ಅದರ ಮೇಲೆ ನೀರು ಸುರುಳಿ ಸುರುಳಿಯಾಗಿ ಹರಿಯುತ್ತಿತ್ತು. ಒಂದು ಇಡೀ ಜಾಲಿಯ ಗಿಡ ಬೇರು ಸಮೇತ ತೇಲಿ ಬಂದು, ಫರಸಿಯ ಮೇಲಿನಿಂದ ಹೊರಳಿ ಹೋಯಿತು. ಎರಡು ತಿಂಗಳ ಬೆವರು ಆ ನೀರಿನ ಕೆಳಗಿತ್ತು. ಉಮದಿಯಿಂದ ಓಡಿ ಬಂದ ತುಕಾರಾಮ ಸಾಹೇಬರು ಆಚೆ ದಂಡೆಯಲ್ಲಿ ನೆನೆದ ಟೋಪಿ ಹಿಂಡುತ್ತ ನಿಂತಿದ್ದರು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನೀರು ಇಳಿಯತೊಡಗಿತು. ಮೊದಲು ಫರಸಿಯ ಒಂದು ಅಂಚು ಕಂಡಿತು. ಆಮೇಲೆ ನಡುಭಾಗ. ಆಮೇಲೆ ಈ ದಂಡೆಯಿಂದ ಆ ದಂಡೆಯವರೆಗೆ, ತೊಳೆದಿಟ್ಟ ಹಾಗೆ, ಇಡೀ ಫರಸಿ. ಒಂದು ಕಲ್ಲೂ ಕದಲಿರಲಿಲ್ಲ. ದಂಡೆಯ ಬಳಿ ಎರಡು ಬುಟ್ಟಿಯಷ್ಟು ಮುರುಮ ಮಾತ್ರ ಕೊಚ್ಚಿಹೋಗಿತ್ತು. ತುಕಾರಾಮ ಸಾಹೇಬರು ಬೂಟು ಕೈಯಲ್ಲಿ ಹಿಡಿದು ಆಚೆಯಿಂದ ಈಚೆಗೆ ದಾಟಿ ಬಂದರು. ನೀರು ಅವರ ಹಿಮ್ಮಡಿ ಮುಟ್ಟುತ್ತಿತ್ತು. ಬಂದವರೇ ಬೀರವ್ವನ ಎದುರಿಗೆ ನಿಂತು ಕೈ ಮುಗಿದರು. ಅವಳಿಗೆ ಏನು ಮಾಡಬೇಕೆಂದು ತಿಳಿಯದೆ ತಾನೂ ಕೈ ಮುಗಿದಳು. ಶಿದ್ರಾಯ ಕಂಬಳಿಯ ಕೊಪ್ಪೆಯೊಳಗಿಂದ ನೆನೆಯದೆ ಉಳಿದ ಬೀಡಿಯೊಂದನ್ನು ತೆಗೆದು ಸಾಹೇಬರಿಗೆ ಕೊಟ್ಟ. ಆಮೇಲೆ ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು.

ರಸ್ತೆ ತೆರೆಯುವ ದಿನವನ್ನು ಜೂನ್ ಮೊದಲ ವಾರದ ಸಂತೆಗೆ ಇಟ್ಟರು. ಹತ್ತು ಗಂಟೆಗೆ ಅಧ್ಯಕ್ಷರು ಬಂದು ದಾರ ಕತ್ತರಿಸುವುದು, ಆಮೇಲೆ ಜನ ಹೋಗುವುದು ಎಂದಿತ್ತು. ಹಳ್ಳದ ಈಚೆ, ವಸ್ತಿಯ ಕಡೆಗೆ, ಎರಡು ಕಂಬ ನೆಟ್ಟು ಮಾವಿನ ತೋರಣ, ಅಡ್ಡಕ್ಕೆ ದಾರ ಕಟ್ಟಿದರು. ಹತ್ತಾಯಿತು. ಹನ್ನೊಂದಾಗುತ್ತ ಬಂತು. ಜೀಪು ಬರಲಿಲ್ಲ. ದಾರದ ಈಚೆ ಚಕ್ಕಡಿಗಳು ಸಾಲುಗಟ್ಟಿದವು. ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿ ನಿಂತರು. ಕಂಬಳಿಯ ಹೊರೆ ಹೊತ್ತ ಹೆಂಗಸರು ಹೊರೆ ಇಳಿಸಿ ಕೂತರು. ಖಣದ ವ್ಯಾಪಾರಿ ಧೂಳಪ್ಪ ಬಿಸಿಲು ನೋಡಿ ನೋಡಿ ಸಾಕಾಗಿ, "ಇವತ್ತಿನ ಸಂತಿ ಹ್ವಾದಾಂಗ," ಎಂದ.

ಬೀರವ್ವ ಮಾಸ್ತರರ ಕಡೆ ನೋಡಿದಳು. ಮಾಸ್ತರರು ಓವರಸಿಯರ ಕಡೆ ನೋಡಿದರು. ತುಕಾರಾಮ ಸಾಹೇಬರು ಅದೇ ಹೊತ್ತಿಗೆ ಬೆನ್ನು ತಿರುಗಿಸಿ ಹಳ್ಳವನ್ನು ಬಹಳ ಮನಸ್ಸಿಟ್ಟು ನೋಡತೊಡಗಿದರು.

ಬೀರವ್ವ ಹೋಗಿ ದಾರದ ಗಂಟು ಬಿಚ್ಚಿದಳು. ಅದನ್ನು ಜೋಕೆಯಿಂದ ಸುತ್ತಿ ಕಂಬದ ಬುಡದಲ್ಲಿಟ್ಟಳು. "ಸಂತಿ ತಪ್ಪತೈತಿ. ನಡೀರಿ," ಎಂದಳು.

ಮೊದಲು ಹೋದದ್ದು ಗುರಪ್ಪ ಮಾಸ್ತರರ ಸೈಕಲ್ಲು. ಅವರು ಪಟ್ಟಿಯ ಮೇಲೆ ಸ್ವಲ್ಪ ಅಳುಕುತ್ತಲೇ ಹತ್ತಿದರು, ಹತ್ತು ಮಾರು ಹೋದ ಮೇಲೆ ಬೆನ್ನು ನೆಟ್ಟಗಾಯಿತು, ಫರಸಿ ದಾಟಿ ಆಚೆಯ ಏರು ಹತ್ತುವಾಗ ಹಿಂತಿರುಗಿ ಕೈ ಬೀಸಿದರು. ಅವರ ಹಿಂದೆ ಧೂಳಪ್ಪ, ಹಡಪದವರು, ಎಲೆಯವರು. ಬದಿಯ ರಸ್ತೆಯಲ್ಲಿ ಚಕ್ಕಡಿಗಳು ಗಂಟೆ ಅಲ್ಲಾಡಿಸುತ್ತ ಒಂದರ ಹಿಂದೆ ಒಂದು ಹೊರಟವು. ಪಟ್ಟಿಯ ಅಂಚಿನಲ್ಲಿ ಹೊರೆ ಹೊತ್ತ ಹೆಂಗಸರು. ಅಂದು ವಸ್ತಿಯಿಂದ ಉಮದಿಗೆ ಒಬ್ಬರೂ ಸೈಕಲ್ ತಳ್ಳಿಕೊಂಡು ಹೋಗಲಿಲ್ಲ.

ಅಧ್ಯಕ್ಷರ ಜೀಪು ಬಂದಾಗ ಹನ್ನೆರಡೂವರೆ. ಹಳೆಯ ಸುತ್ತುದಾರಿಯಿಂದ ವಸ್ತಿಯ ಕಡೆಗೆ ಬರುವಾಗ ಗಾಲಿ ಪಂಕ್ಚರಾಗಿತ್ತಂತೆ. ತೋರಣವಿತ್ತು, ದಾರವಿರಲಿಲ್ಲ, ಜನವೂ ಇರಲಿಲ್ಲ. ಬೀರವ್ವ, ಶಿದ್ರಾಯ, ಸಾಹೇಬರು ಮಾತ್ರ ನಿಂತಿದ್ದರು. ಹೇಗೆ ಹೇಳುವುದೆಂದು ಸಾಹೇಬರು ತಡವರಿಸುತ್ತಿರುವಾಗ ಬೀರವ್ವನೇ ಹೇಳಿದಳು.

"ಸಂತೆ ಕಾಯುವುದಿಲ್ಲವಲ್ಲ, ಸಾಹೇಬರೇ. ನಾನೇ ಬಿಚ್ಚಿದೆ."

ಮುದುಕರು ಆ ಉದ್ದದ ದಾರಿಯನ್ನು ನೋಡಿದರು. ದೂರದ ಏರಿನಲ್ಲಿ ಇನ್ನೂ ಚಕ್ಕಡಿಗಳ ಸಾಲು ಕಾಣುತ್ತಿತ್ತು. "ಚಲೋ ಮಾಡಿದೆ," ಎಂದರು, ಆ ಒಂದು ಮಾತನ್ನು ಕನ್ನಡದಲ್ಲೇ. ಜೀಪನ್ನು ಅಲ್ಲೇ ಬಿಟ್ಟು, ನಡೆದು ನೋಡುತ್ತೇನೆ ಎಂದು ಹೊರಟರು. ಕೈ ಹಿಂದೆ ಕಟ್ಟಿಕೊಂಡು, ಸೈಕಲ್ ಪಟ್ಟಿಯ ನಟ್ಟನಡುವೆ ನಡೆಯುತ್ತ, ನಿಂತು ಬಗ್ಗಿ ಮುರುಮವನ್ನು ಬೆರಳಿನಿಂದ ಒತ್ತಿ ನೋಡುತ್ತ ಹೋದರು.

ಅಷ್ಟರಲ್ಲಿ ಹಿಂದಿನಿಂದ ಟ್ರಿಣ್ ಟ್ರಿಣ್ ಎಂದು ಗಂಟೆ ಕೇಳಿತು. ಗಡಿಯಾಚೆಯ ಯಾವುದೋ ಊರಿನವನು, ಹಿಂದೆ ಕ್ಯಾರಿಯರಿನ ಮೇಲೆ ಹೆಂಡತಿ, ಹ್ಯಾಂಡಲಿಗೆ ಎರಡು ಚೀಲ. ಸಂತೆಗೆ ತಡವಾಗಿತ್ತು. ಅಧ್ಯಕ್ಷರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. "ಅಜ್ಜಾರ, ಜರಾ ಬದಿಗಿ ಸರೀರಿ," ಎಂದ.

ಅಧ್ಯಕ್ಷರು ಧೋತರ ಎತ್ತಿಕೊಂಡು ಕಲ್ಲುಗಳ ಆಚೆ ಸರಿದು ನಿಂತರು. ಸೈಕಲ್ಲು ಅವರ ಪಕ್ಕದಲ್ಲೇ ಹಾಯ್ದು ಹೋಯಿತು. ಕ್ಯಾರಿಯರಿನ ಮೇಲಿನ ಹೆಂಗಸು ಒಂದು ಕೈಯಲ್ಲಿ ಸೆರಗು ಹಿಡಿದು, ಹಳ್ಳದ ನೀರನ್ನೂ ಫರಸಿಯನ್ನೂ ಕಣ್ಣರಳಿಸಿ ನೋಡುತ್ತ ಹೋದಳು.